ಗಂಡ ನಿಂತ ಬಯಲು

ಈ ಸಲ ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿಲ್ಲ ಮಗಳೇ. ದೇವರ ಮೇಲೆ ಆಣೆ ಇಡಬೇಡ ಅಂತ ನಮ್ಮೂರ ಇಮಾಮರು ನನ್ನೊಬ್ಬನ್ನೇ ಪಕ್ಕಕ್ಕೆ ಕರೆದು ಹೇಳಿದಾರೆ. ಅದಕ್ಕೇ ಈ ಎಲೆಅಡಿಕೆ ಡಬ್ಬಿ ಮೇಲೆ ಆಣೆ ಇಡ್ತೀನಿ. ಸುಳ್ಳಾಡಿದ್ರೆ ಉಳಿದಿರೋ ನಾಲ್ಕು ಹಲ್ಲಲ್ಲಿ ಎರಡು ಇವತ್ತೇ ಉದುರಿ ಹೋಗ್ಲಿ. ಹೋದ ವಾರ ಕಾಫಿ ಅಂಗಡೀಲಿ ಆ ಪತ್ರಿಕೆಯವನಿಗೆ ಹೇಳಿದ್ದು ಬೇರೆ, ಅದನ್ನ ಮರೆತುಬಿಡು. ಒಂದು ಲೋಟ ಕಾಫೀನೂ ಕುಡಿಸದೆ ಕತೆ ಕೇಳಿದ, ಅವನ ಯೋಗ್ಯತೆಗೆ ತಕ್ಕಂಥದ್ದೇ ಹೇಳಿ ಕಳಿಸ್ದೆ. ನೀನು ಅಳತೆ ಆಫೀಸಿಂದ ಬಂದೋಳು, ನಕ್ಷೇಲಿ ಈ ಜಾಗದ ಹೆಸರು ಬರೀಬೇಕು ಅಂತೀಯ. ಸರ್ಕಾರದ ಕಾಗದಕ್ಕೆ ಹೋಗೋ ಮಾತಲ್ಲಿ ಸುಳ್ಳು ಬೆರೆಸೋಕೆ ನನಗೇನು ಹುಚ್ಚೇ?

ಮೊದಲು ಕಣ್ಣಿಗೆ ಕಾಣೋದನ್ನ ನೋಡು. ಎಡಗಡೆ ಅಕ್ಕಿ ಗಿರಣಿ, ಬಲಗಡೆ ಮೋಟಾರ್ ಸೈಕಲ್ ರಿಪೇರಿ ಅಂಗಡಿ, ಎದುರಿಗೆ ಪಟ್ಟಣಕ್ಕೆ ಹೋಗೋ ಡಾಂಬರು ರಸ್ತೆ. ಗಾಳಿ ಈ ಕಡೆ ತಿರುಗಿದ್ರೆ ಪಟ್ಟಣದ ದೊಡ್ಡ ಮಸೀದಿ ಬಾಂಗೂ ಕೇಳುತ್ತೆ, ಅಷ್ಟು ಹತ್ತಿರ. ಪಟ್ಟಣದೋರು ಬಂದು ಬಂದು ನಮ್ಮ ಲಾಂ ಜೆರುಂ ಊರಲ್ಲಿ ಕೋಳಿ ಮಲಗೋಷ್ಟು ಜಾಗಾನೂ ಬಿಡದೆ ಮನೆ ಕಟ್ಟಿದಾರೆ. ಆದ್ರೆ ಈ ಬಯಲಲ್ಲಿ ಮಾತ್ರ ಹುಲ್ಲು, ಹುಲ್ಲಿನ ನಡುವೆ ಹದಿನಾರು ಚಪ್ಪಟೆ ಕಲ್ಲು. ಸಾಲಿಗೆ ನಾಲ್ಕರ ಹಾಗೆ ನಾಲ್ಕು ಸಾಲು. ಯಾರ ಸಮಾಧೀನೂ ಅಲ್ಲ, ಯಾವ ಸುಲ್ತಾನನ ಸಿಂಹಾಸನಾನೂ ಅಲ್ಲ. ನಮ್ಮ ಅಚೇ ಸೀಮೆ ಹಳೇ ಮನೆಗಳ ಕಂಬ ಕೂರ್ತಿದ್ದ ಕಲ್ಲುಗಳು. ನೀನು ಮೆದಾನ್ ಕಡೆ ಸಿಮೆಂಟ್ ಮನೇಲಿ ಹುಟ್ಟಿದೋಳು, ನಿನಗೆ ಬಿಡಿಸಿ ಹೇಳ್ಬೇಕು. ನಮ್ಮ ಹಳೇ ಮನೆಗಳಲ್ಲಿ ಕಂಬಾನ ನೆಲದೊಳಗೆ ಹೂಳೋ ಪದ್ಧತಿ ಇಲ್ಲ. ಕಲ್ಲಿನ ಮೇಲೆ ಕಂಬ ಸುಮ್ಮನೆ ಕೂತಿರುತ್ತೆ, ಆಳೆತ್ತರದ ಕಂಬಗಳ ಮೇಲೆ ಮನೆ ಕೂತಿರುತ್ತೆ, ಮನೆಯೊಳಗೆ ಹೆಂಗಸು ಕೂತಿರ್ತಾಳೆ. ಗಂಡಸು? ಗಂಡಸು ಬಂದು ಹೋಗ್ತಿರ್ತಾನೆ, ಅಷ್ಟೇ.

ನಗಬೇಡ, ಅದು ನಮ್ಮ ಕಾನೂನು. ಮಗಳಿಗೆ ಮದುವೆಯಾಗಿ ಒಂದು ಮಗುವಾಯ್ತು ಅಂದ್ರೆ ಅಪ್ಪ ಸಾಕ್ಷಿಗಳನ್ನ ಕೂರಿಸ್ಕೊಂಡು ಅವಳಿಗೊಂದು ಮನೆ ಕೊಡ್ತಾನೆ. ಕೊಟ್ಟದ್ದನ್ನ ಅಪ್ಪನೂ ವಾಪಸ್ ಕೇಳೋ ಹಾಗಿಲ್ಲ, ಅಣ್ಣತಮ್ಮಂದಿರೂ ಕೇಳೋ ಹಾಗಿಲ್ಲ. ಗಂಡ ಅನ್ನೋನು ಆ ಮನೆಗೆ ನೆಂಟ. ಹಿಂದೆಲ್ಲ ಗಂಡಸರು ವರ್ಷದಲ್ಲಿ ಹನ್ನೊಂದು ತಿಂಗಳು ಪಡುವಣ ಕರಾವಳಿ ಕಡೆ ಮೆಣಸಿನ ತೋಟದಲ್ಲೇ ಇರ್ತಿದ್ರು. ಉಪವಾಸದ ತಿಂಗಳು ಶುರುವಾಗೋ ಹಿಂದಿನ ದಿನಕ್ಕೆ ನಾವು ಮೆಗಾಂಗ್ ಅಂತೀವಿ. ಅವತ್ತು ಪ್ರತಿಯೊಬ್ಬ ಗಂಡಾನೂ ಕೈಯಲ್ಲಿ ಎಮ್ಮೆ ಮಾಂಸ ಹಿಡ್ಕೊಂಡು ಹೆಂಡತಿ ಮನೆ ಮೆಟ್ಟಿಲ ಹತ್ರ ಬಂದು ನಿಲ್ಲಬೇಕು. ಕಾಲು ತೊಳೆಯೋಕೆ ನೀರು ಕೊಟ್ಳು ಅಂದ್ರೆ ಇನ್ನೊಂದು ವರ್ಷಕ್ಕೆ ಅವನು ಗಂಡ. ಬರೀಗೈಲಿ ಬಂದೋನು ಹಾಗೇ ಕಾಡಿಗೆ ಹಿಂತಿರುಗಿದ್ರೂ ಯಾರೂ ಹುಡುಕ್ಕೊಂಡು ಹೋಗ್ತಿರಲಿಲ್ಲ. ಉಳಿದ ಹನ್ನೊಂದು ತಿಂಗಳು ಊರಲ್ಲಿ ಹೆಂಗಸರು, ಮಕ್ಕಳು, ಆಮೇಲೆ ನನ್ನಂಥ ಮೂರೋ ನಾಲ್ಕೋ ಮುದುಕರು. ಗದ್ದೆ ಅವರದ್ದು, ಕಣಜ ಅವರದ್ದು, ಜಗಳಾನೂ ಅವರದ್ದೇ.

ಹಿಂದೆ ಒಂದ್ಸಲ, ಸುಲ್ತಾನರ ಕಾಲದಲ್ಲಿ, ಈ ಹದಿನಾರು ಕಲ್ಲಿನ ಮೇಲೆ ಕೆಮಾಲಾ ಅನ್ನೋಳ ಮನೆ ಇತ್ತು ಅಂತಾರೆ. ಅವಳಪ್ಪ ಉಸೂಹ್ ಒಳ್ಳೇ ಬಡಗಿ. ಕಬ್ಬಿಣದ ಮೊಳೆ ಕಂಡ್ರೆ ಹಾವು ಕಂಡ ಹಾಗೆ ಆಡ್ತಿದ್ದ. ಬರೀ ಬೆಣೆ ಹೊಡೆದು ಕಟ್ಟಿದ ಮನೆ, ಕಿಟಕಿ ಸುತ್ತ ಹೂಬಳ್ಳಿ ಕೆತ್ತನೆ. ಆ ಹೂವಿಗೆ ಜೇನುಹುಳ ಬಂದು ಕೂತು, ಮೋಸ ಹೋಗಿ, ಬೈಕೊಂಡು ಹೋಗ್ತಿದ್ವಂತೆ. ಕೆಮಾಲಾಗೆ ಹೆಣ್ಣುಮಗು ಹುಟ್ಟಿದಾಗ ಉಸೂಹ್ ಊರ ಸಭೆ ಸೇರೋ ಮೆನಾಸಾ ಮಂಟಪದಲ್ಲಿ ಸಾಕ್ಷಿಗಳ ಮುಂದೆ ನಿಂತು, ಈ ಮನೆ, ಇದರ ಕಂಬ, ತೊಲೆ, ಹೊಸಿಲು, ಮೆಟ್ಟಿಲು, ನೀರಿನ ಹಂಡೆ, ಒಲೆಗುಂಡು, ಎಲ್ಲಾ ನನ್ನ ಮಗಳದ್ದು ಅಂತ ನಲವತ್ನಾಲ್ಕು ವಸ್ತುಗಳ ಹೆಸರು ಹೇಳಿದ. ಒಂದು ಮಾತ್ರ ಹೇಳಲಿಲ್ಲ. ಮನೆ ಕೆಳಗಿನ ನೆಲ. ಯಾರಿಗೆ ನೆನಪಾಗುತ್ತೆ ಹೇಳು? ಅನ್ನ ಬಡಿಸೋನು ತಟ್ಟೇನೂ ನಿಂದೇ ಅಂತ ಬಾಯಿಬಿಟ್ಟು ಹೇಳ್ತಾನಾ? ಹೋದ, ಪಾಪ, ಅದೇ ವರ್ಷ ತೀರಿಹೋದ.

ಉಸೂಹ್‌ಗೆ ಪಟ್ಟಣದಲ್ಲಿ ಮೊದಲನೇ ಹೆಂಡತಿ ಮಗ ಒಬ್ಬ ಇದ್ದ, ಹಸ್ಬಿ ಅಂತ. ಬಂದರಿನ ಹತ್ರ ಸುಣ್ಣದ ಗೋಡೆ ಮನೇಲಿ ಬೆಳೆದೋನು. ರೇಷ್ಮೆ ಪಂಚೆ ಉಟ್ಕೊಂಡು ನಮ್ಮೂರ ಕೆಸರಲ್ಲಿ ನಡೆಯುವಾಗ ಕೊಕ್ಕರೆ ಥರ ಕಾಲೆತ್ತಿ ಕಾಲೆತ್ತಿ ಇಡ್ತಿದ್ದ. ಅಪ್ಪ ತೀರಿಹೋಗಿ ನಲವತ್ನಾಲ್ಕನೇ ದಿನದ ಊಟ ಮುಗೀತು, ಇಮಾಮರು ಶಾಸ್ತ್ರ ನೋಡಿ ಆಸ್ತಿ ಪಾಲು ಮಾಡಿದ್ರು. ಕೆಮಾಲಾ ಪಾಲಿಗೆ ಬಂದದ್ದು ಒಂದು ಕೆಸರು ಗದ್ದೆ, ಕಪ್ಪೆಗೂ ಈಜೋಕೆ ಬರಬೇಕು ಅನ್ನೋ ಅಷ್ಟು ನೀರು. ಹಸ್ಬಿ ಪಾಲಿಗೆ ಈ ಬಯಲು, ಆಮೇಲೆ ಕಾಲುವೆ ಆಚೆ ಮಾವಿನ ಮರ ಇರೋ ದಿಬ್ಬ. ಅವನ ಕಣ್ಣು ಮಾತ್ರ ಆ ಕೆತ್ತನೆ ಕಿಟಕಿಗಳ ಮೇಲೆ. ಮಾರನೇ ದಿನ ಮೆನಾಸಾದಲ್ಲಿ ಎಲ್ಲರ ಮುಂದೆ ಕೇಳೇಬಿಟ್ಟ.

“ತಂಗೀ, ಮನೆ ನಿಂದು, ನಾನು ಇಲ್ಲ ಅನ್ನಲ್ಲ. ಆದ್ರೆ ನೆಲ ನಂದು. ಮೆಗಾಂಗ್ ದಿನ ಮಧ್ಯಾಹ್ನದ ಬಾಂಗ್ ಹೊತ್ತಿಗೆ ನನ್ನ ನೆಲ ಖಾಲಿ ಆಗ್ಬೇಕು. ಇಲ್ಲಾಂದ್ರೆ ಮನೆ ನನಗೆ ಬಿಟ್ಟು ನೀನು ಅಜ್ಜಿ ಹಿತ್ತಿಲಲ್ಲಿ ಒಂದು ಗುಡಿಸಲು ಹಾಕ್ಕೋ.”

“ಅಣ್ಣಾ, ನನ್ನ ಗದ್ದೆ ತಗೋ, ಈ ಅಂಗಳ ಕೊಡು” ಅಂದ್ಳು ಕೆಮಾಲಾ. “ಮೆಗಾಂಗ್‌ಗೆ ಅವರು ಬರ್ತಾರೆ. ಗಂಡ ಬಂದು ಕಾಲಿಡೋಕೆ ಮೆಟ್ಟಿಲಿಲ್ಲ ಅಂದ್ರೆ ನಾನೆಂಥ ಹೆಂಡತಿ? ನಾಳೆ ಈ ಮಗೂಗೆ ನಾನೇನು ಕೊಡಲಿ?”

“ಕೆಸರು ತಗೊಂಡು ನಾನೇನು ಬಾತುಕೋಳಿ ಸಾಕ್ಲಾ?” ಅಂತ ನಕ್ಕ ಹಸ್ಬಿ. “ಮನೆ ನಿಂದಾದ್ರೆ ಹೊತ್ಕೊಂಡು ಹೋಗು. ಬಿಚ್ಚಿ ಒಯ್ಯೋ ಹಾಗಿಲ್ಲ ಮತ್ತೆ. ಬಿಚ್ಚಿದ್ರೆ ಅದು ಸೌದೆ, ಮನೆ ಅಲ್ಲ. ಇಡೀ ಮನೆ ಎತ್ತಿ ಹೊತ್ತು ನಡೆಸಿದ್ರೆ ಎಲ್ಲಿ ಇಳಿಸ್ತೀಯೋ ಆ ನೆಲ ನಿಂದೇ. ನನ್ನ ನೆಲ ಆದ್ರೂ ಸರಿ, ಕೊಟ್ಟೆ!”

ಇಮಾಮರು ಗಡ್ಡ ನೀವ್ಕೊಂಡು “ಕೇಳಿಸ್ಕೊಂಡೆ, ನಾನು ಸಾಕ್ಷಿ” ಅಂದ್ರು. ಊರಿನ ಮುಖ್ಯಸ್ಥನ್ನ ನಾವು ಕೆಚಿಕ್ ಅಂತೀವಿ, ಆ ಕೆಚಿಕ್ ಕೂಡ “ನಾನೂ ಸಾಕ್ಷಿ” ಅಂದ. ಹಸ್ಬಿಗೆ ಯಾಕೆ ಅಷ್ಟು ಧೈರ್ಯ ಅಂತೀಯಾ? ಮಂಟಪದಲ್ಲಿ ಕೂತಿದ್ದೋರನ್ನ ಎಣಿಸಿ ನೋಡಿದ್ದ. ನಾಲ್ಕು ಮುದುಕರು. ಒಬ್ಬನಿಗೆ ಉಬ್ಬಸ, ಒಬ್ಬನಿಗೆ ಕಣ್ಣು ಕಾಣಲ್ಲ, ಇಮಾಮರಿಗೆ ಸೊಂಟನೋವು, ಕೆಚಿಕ್‌ಗೆ ಸೋಮಾರಿತನ. ಮನೆ ಹೊರೋ ಗಂಡಸರೆಲ್ಲ ಮೆಣಸಿನ ತೋಟದಲ್ಲಿ, ಬರೋದೇ ಮೆಗಾಂಗ್ ಮಧ್ಯಾಹ್ನ ಕಳೆದ ಮೇಲೆ. ಲೆಕ್ಕ ಸರಿಯಾಗೇ ಇತ್ತು. ಹೊರಗೆ ಬೇಲಿ ಪಕ್ಕ ನಿಂತು ಕೇಳಿಸ್ಕೊಳ್ತಿದ್ದೋರನ್ನ ಮಾತ್ರ ಅವನು ಎಣಿಸಲೇ ಇಲ್ಲ. ಸುಣ್ಣದ ಗೋಡೆ ಮನೇಲಿ ಬೆಳೆದೋರು ಮಾಡೋ ತಪ್ಪೇ ಅದು.

ಇಲ್ಲಿ ಒಂದು ವಿಷಯ ತಿಳ್ಕೋ. ನಮ್ಮ ಹೆಂಗಸರು ಭತ್ತ ಕುಟ್ಟೋದು ಕೈಯಲ್ಲಲ್ಲ. ಮರದ ಉದ್ದನೇ ತೊಲೆ ತುದೀಲಿ ಒನಕೆ, ಇನ್ನೊಂದು ತುದೀನ ಮೂರು ನಾಲ್ಕು ಜನ ಸಾಲಾಗಿ ನಿಂತು ಕಾಲಲ್ಲಿ ತುಳೀತಾರೆ. ಒಬ್ಬಳ ಕಾಲು ಅರೆಗಳಿಗೆ ಹಿಂದೆಬಿದ್ರೆ ಒನಕೆ ಒರಳು ಬಿಟ್ಟು ಅಕ್ಕಿ ಕೇರೋಳ ಕೈ ಮೇಲೆ ಬೀಳುತ್ತೆ. ಚಿಕ್ಕಂದಿನಿಂದ ಹಾಗೆ ತುಳಿದೂ ತುಳಿದೂ ಇಡೀ ಊರಿನ ಹೆಂಗಸರ ಕಾಲಿಗೆ ಒಂದೇ ತಾಳ ಕೂತುಬಿಟ್ಟಿರುತ್ತೆ. ಕೆಮಾಲಾ ಮನೆಮನೆಗೆ ಹೋಗಿ ಕೇಳ್ಕೊಂಡದ್ದು ಒಂದೇ ಮಾತಂತೆ: “ಅಕ್ಕಾ, ಭತ್ತ ತುಳಿಯೋ ಹಾಗೆ ನಡೀಬೇಕು, ಅಷ್ಟೇ. ನಾಳೆ ನಿನ್ನ ಅಪ್ಪ ಏನು ಹೇಳೋಕೆ ಮರೆತಿದಾನೋ ಯಾರಿಗೆ ಗೊತ್ತು?” ಅದು ಸಾಕಾಯ್ತು. ಪ್ರತಿಯೊಬ್ಬಳೂ ತನ್ನ ಮನೆ ಕೆಳಗಿನ ನೆಲ ಒಂದ್ಸಲ ಬಗ್ಗಿ ನೋಡ್ಕೊಂಡ್ಳು. ಆರು ದಿನ ಬಿದಿರು ಕಡಿದ್ರು, ಬೆತ್ತ ಹೊಸೆದ್ರು, ಮನೆ ಅಡೀಲಿ ತೊಲೆಗಳಿಗೆ ಅಡ್ಡಲಾಗಿ ಬಿದಿರು ಬಿಗಿದ್ರು. ಹಸ್ಬಿ ಕುದುರೆ ಮೇಲೆ ಬಂದು ನೋಡಿ, “ಮೆಗಾಂಗ್‌ಗೆ ಚಪ್ಪರ ಹಾಕ್ತಿದಾರೆ” ಅಂದ್ಕೊಂಡು ಹೋದನಂತೆ.

ಮೆಗಾಂಗ್ ಬೆಳಗಿನ ನಮಾಜ್ ಮುಗೀತಿದ್ದ ಹಾಗೆ ನಲವತ್ನಾಲ್ಕು ಜನ ಹೆಂಗಸರು ಬಂದು ಬಿದಿರಿನ ಕೆಳಗೆ ಹೆಗಲು ಕೊಟ್ರು. ಯಾಕೆ ನಗ್ತೀಯಾ? ಎಲ್ಲಕ್ಕೂ ನಲವತ್ನಾಲ್ಕೇ ಯಾಕೆ ಅಂತಾನಾ? ನಮ್ಮ ಕಡೆ ಜಾಸ್ತಿ ಅನ್ನೋದಕ್ಕೆ ಅದೇ ಲೆಕ್ಕ. ಬೇಕಾದ್ರೆ ನಲವತ್ಮೂರು ಅಂತ ಬರ್ಕೋ, ಒಬ್ಬಳು ಬಸುರಿ, ಸುಮ್ಮನೆ ಕೈ ಹಿಡಿದಿದ್ಳು. ಎಲ್ಲಾ ಸಿದ್ಧ, ಎತ್ತಬೇಕು, ಅಷ್ಟರಲ್ಲಿ ಮೇಲಿಂದ ಎಲೆಅಡಿಕೆ ಕುಟ್ಟೋ ಶಬ್ದ. ನೋಡಿದ್ರೆ ಕೆಮಾಲಾ ಅಜ್ಜಿ ಲೀಮಾ ಒಳಗೇ ಕೂತಿದಾಳೆ!

“ಅಜ್ಜೀ, ಇಳಿಯೇ! ಮನೆ ಎತ್ತಬೇಕು!”

“ಎತ್ರೇ, ಯಾರು ಬೇಡ ಅಂದ್ರು? ಒಂಬತ್ತು ಮೆಟ್ಟಿಲು ಇಳಿದು ಮತ್ತೆ ಒಂಬತ್ತು ಹತ್ತೋಕೆ ನನ್ನ ಮಂಡಿ ಏನು ಸುಲ್ತಾನ ಕೊಡ್ಸಿದ್ದಾ? ಒಲೆ ಮೇಲೆ ಮಸಾಲೆ ಬೇರೆ ಇಟ್ಟಿದೀನಿ. ಚೆಲ್ಲಿದ್ರೆ ಗೊತ್ತಲ್ಲ?”

ಸರಿ, ಅಜ್ಜೀನೂ ಸೇರಿಸಿ ಎತ್ತಿದ್ರು. ಅಜ್ಜಿ ಅಡಿಕೆ ಕುಟ್ಟೋ ಶಬ್ದಾನೇ ತಾಳ ಆಯ್ತು. ಟಕ್ ಅಂದಾಗ ಎಡಗಾಲು, ಟಕ್ ಅಂದಾಗ ಬಲಗಾಲು. ಹದಿನಾರು ಕಂಬಾನೂ ಒಟ್ಟಿಗೆ ಕಲ್ಲಿಂದ ಮೇಲೆದ್ವು ಅಂತಾರೆ, ಕೊಳದಲ್ಲಿ ಕೂತಿದ್ದ ಕೊಕ್ಕರೆ ಹಿಂಡು ಎದ್ದ ಹಾಗೆ. ಅಂಗಳ ದಾಟೋಷ್ಟರಲ್ಲಿ ಒಂದು ತೊಡಕು. ದಾರಿಗೆ ಸರಿಯಾಗಿ ಅಡ್ಡ ಒಂದು ತೆಂಗಿನ ಮರ. ಕೆಮಾಲಾ ಹುಟ್ಟಿದ ದಿನ ಉಸೂಹ್ ನೆಟ್ಟಿದ್ದು. ನಮ್ಮಲ್ಲಿ ನೆಲ ಒಬ್ಬರದ್ದು, ಮರ ಇನ್ನೊಬ್ಬರದ್ದು ಆಗಿರಬಹುದು. ನೆಲ ಹಸ್ಬೀದಾದ್ರೂ ಮರ ಅವಳದ್ದೇ, ಅವಳನ್ನ ಬಿಟ್ಟು ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಮನೇನ ಊರುಗೋಲುಗಳ ಮೇಲೆ ನಿಲ್ಲಿಸಿ ಎಲ್ಲರೂ ಅವಳ ಮುಖ ನೋಡಿದ್ರು. ಅಪ್ಪನ ಕೈಯಿಂದ ಉಳಿದಿದ್ದು ಎರಡೇ, ಈ ಮನೆ, ಈ ಮರ. ಅವಳು ಮಗೂನ ಇನ್ನೊಬ್ಬಳ ಕೈಗೆ ಕೊಟ್ಟು, ಮರದ ಬುಡ ಒಂದ್ಸಲ ಸವರಿ, ಕೊಡಲಿ ತಗೊಂಡ್ಳು. ಅಜ್ಜೀನೂ ಅಡಿಕೆ ಕುಟ್ಟೋದು ನಿಲ್ಲಿಸಿದ್ಳು. ಮರ ಬಿತ್ತು. ಅದನ್ನೇ ಉದ್ದಕ್ಕೆ ಸೀಳಿ ಕಾಲುವೆ ಕೆಸರಲ್ಲಿ ಹಾಸಿದ್ರು. ಅದರ ಮೇಲೆ ಹೆಜ್ಜೆ ಇಟ್ಕೊಂಡೇ, ಸೊಂಟದವರೆಗೆ ನೀರಲ್ಲಿ, ಅಷ್ಟೂ ಹೆಂಗಸರು ಮನೆ ದಾಟಿಸಿದ್ರು. ಅಪ್ಪ ಹೇಳೋಕೆ ಮರೆತಿದ್ದನ್ನ ಅಪ್ಪನ ಮರ ಪೂರೈಸ್ತು ಅಂತ ನಮ್ಮಜ್ಜಿ ಹೇಳೋಳು. ಹೇಳುವಾಗ ಪ್ರತಿ ಸಲಾನೂ ಮೂಗು ಒರೆಸ್ಕೊಳ್ಳೋಳು.

ಮಧ್ಯಾಹ್ನದ ಬಾಂಗ್ ಮೊದಲನೇ ಸಾಲು ಕೂಗೋ ಹೊತ್ತಿಗೆ ಮನೆ ಕಾಲುವೆ ಆಚೆ ದಿಬ್ಬದ ಮೇಲೆ, ಮಾವಿನ ಮರದ ನೆರಳಲ್ಲಿ ಇಳೀತು. ಪ್ರವಾಹ ಬಂದ್ರೂ ನೀರು ಮುಟ್ಟದ ಜಾಗ, ಹಸ್ಬಿಗಿದ್ದ ನೆಲದಲ್ಲೆಲ್ಲ ಒಳ್ಳೇ ನೆಲ. ಹಸ್ಬಿ ಕುದುರೆಯಿಂದ ಬಿದ್ನೋ ಇಳಿದ್ನೋ ಯಾರಿಗೂ ಗೊತ್ತಿಲ್ಲ. “ಇದು ನಡೆಯಲ್ಲ! ಹೊತ್ತೋರು ಹೆಂಗಸರು!” ಅಂತ ಕೂಗಿದ.

“ಗಂಡಸರೇ ಹೊರಬೇಕು ಅಂತ ನೀನು ಹೇಳಲಿಲ್ಲವಲ್ಲಪ್ಪ” ಅಂದ್ರು ಇಮಾಮರು. “ನಿಮ್ಮಪ್ಪ ಒಂದು ಮಾತು ಹೇಳದೆ ಬಿಟ್ಟ, ಅದು ನಿನ್ನ ಪಾಲಿಗಾಯ್ತು. ನೀನೊಂದು ಮಾತು ಹೇಳದೆ ಬಿಟ್ಟೆ, ಇದು ಅವಳ ಪಾಲಿಗೆ.”

ಕಿಟಕಿಯಿಂದ ಲೀಮಾ ಅಜ್ಜಿ ತಲೆ ಹೊರಗೆ ಹಾಕಿ, “ಯಾರದು ಕೆಳಗೆ? ಹಸ್ಬೀನಾ? ಬಾ ಮಗಾ, ಮಸಾಲೆ ಒಂದು ತೊಟ್ಟೂ ಚೆಲ್ಲಿಲ್ಲ, ರುಚಿ ನೋಡು” ಅಂದ್ಳಂತೆ. ಆಮೇಲೆ ಆ ರೇಷ್ಮೆ ಪಂಚೆ ನಮ್ಮೂರ ಕೆಸರು ಕಾಣಲಿಲ್ಲ. ಬಯಲಿನ ಕಡೆಗೂ ಅವನು ತಿರುಗಿ ನೋಡಲಿಲ್ಲ, ಅದು ಊರಿಗೇ ಉಳೀತು.

ಹಾಗಾದ್ರೆ ಮನೆ ಎತ್ತಿದ ಬಯಲು ಅಂತ ಹೆಸರಿರಬೇಕಿತ್ತಲ್ಲ ಅಂತೀಯ. ಇರಬೇಕಿತ್ತು. ಆದ್ರೆ ಆ ಗದ್ದಲದಲ್ಲಿ ಒಬ್ಬನ್ನ ಎಲ್ಲರೂ ಮರೆತೇಬಿಟ್ಟಿದ್ರು. ಕೆಮಾಲಾ ಗಂಡ, ಬ್ರಾಹಿಂ. ಹನ್ನೊಂದು ತಿಂಗಳು ಮೆಣಸಿನ ಬಳ್ಳಿ ಕಟ್ಟಿ, ಮೂರು ದಿನ ದೋಣೀಲಿ ಬಂದು, ಪಟ್ಟಣದಲ್ಲಿ ಎಮ್ಮೆ ತೊಡೆ ಮಾಂಸ ಆರಿಸಿ ಬಾಳೆಲೇಲಿ ಕಟ್ಟಿಸ್ಕೊಂಡು, ಸಂಜೆಗೆ ಮೊದಲೇ ಮುಟ್ಟಬೇಕು ಅಂತ ಓಡ್ಕೊಂಡು ಬಂದ. ನೋಡ್ತಾನೆ, ಹದಿನಾರು ಕಲ್ಲು! ಮೆಟ್ಟಿಲಿಲ್ಲ, ಕಾಲು ತೊಳೆಯೋ ಹಂಡೆ ಇಲ್ಲ, ತೆಂಗಿನ ಮರಾನೂ ಇಲ್ಲ. ಬೇರೆ ಸೀಮೆ ಗಂಡಸಾಗಿದ್ರೆ ಕಳ್ಳರು ಬಂದ್ರೋ ಬೆಂಕಿ ಬಿತ್ತೋ ಅಂತ ಬೊಬ್ಬೆ ಹೊಡೀತಿದ್ದ. ನಮ್ಮ ಗಂಡಸು, ಅವನ ತಲೆಗೆ ಹೊಳೆಯೋದು ಒಂದೇ: ಹೆಂಡತಿ ನನ್ನ ಬಿಟ್ಳು. ಬಿಡೋಳು ಬಾಗಿಲು ಹಾಕ್ಕೊಳ್ತಾಳೆ, ಅದು ಗೊತ್ತಿತ್ತು. ಇವಳು ಮನೇನೇ ಎತ್ಕೊಂಡು ಹೋಗಿದಾಳೆ ಅಂದ್ರೆ ನಾನು ಎಂಥ ತಪ್ಪು ಮಾಡಿರಬೇಕು ಅಂತ ಹನ್ನೊಂದು ತಿಂಗಳ ಹಿಂದಿನ ಒಂದೊಂದು ಮಾತೂ ನೆನೆಸ್ಕೊಳ್ತಾ ನಿಂತ. ಹೋದ ವರ್ಷ ಹೊರಡುವಾಗ ಸಾರಿಗೆ ಉಪ್ಪು ಕಮ್ಮಿ ಅಂದಿದ್ದು ನೆನಪಾಯ್ತು. ಅದೇ, ಅದೇ ಅಂತ ಹಣೆ ಬಡ್ಕೊಂಡ. ಯಾರನ್ನಾದ್ರೂ ಕೇಳಬಹುದಿತ್ತು. ಆದ್ರೆ ನನ್ನ ಹೆಂಡತಿ ಎಲ್ಲಿ ಅಂತ ಊರೋರನ್ನ ಕೇಳೋ ಗಂಡಸು ಮಾರನೇ ದಿನ ಕಾಫಿ ಅಂಗಡಿಗೆ ಯಾವ ಮುಖ ಇಟ್ಕೊಂಡು ಹೋಗ್ತಾನೆ? ದಾರೀಲಿ ಹೋಗೋರು ನೋಡಿದ್ರು, ಸತ್ತ ಮಾವನಿಗೆ ಪ್ರಾರ್ಥನೆ ಮಾಡ್ತಿದಾನೆ ಅಂದ್ಕೊಂಡು ಸದ್ದಿಲ್ಲದೆ ದಾಟಿ ಹೋದ್ರು. ಕಾಲುವೆ ಆಚೆ ದಿಬ್ಬದ ಮೇಲಿನ ಮನೇನೂ ಅವನ ಕಣ್ಣಿಗೆ ಬಿತ್ತು. ಅದೇ ಕಿಟಕಿ, ಅದೇ ಹೂಬಳ್ಳಿ. “ಯಾವಳೋ ನಮ್ಮನೆ ನೋಡಿ ಹಾಗೇ ಕಟ್ಟಿಸ್ಕೊಂಡಿದಾಳೆ, ಪುಣ್ಯವಂತೆ” ಅಂತ ಅಂದ್ಕೊಂಡು ಇನ್ನೂ ಅತ್ತನಂತೆ.

ಆ ಕಡೆ ಕೆಮಾಲಾ ಮಸಾಲೆ ಒಣಗೋದನ್ನ ನೋಡ್ತಾ ಕೂತಿದಾಳೆ. ಉಳಿದ ಮನೆಗಳಲ್ಲೆಲ್ಲ ಮಾಂಸ ಬೇಯೋ ವಾಸನೆ. ಹೆಗಲ ಮೇಲೆ ಬಿದಿರಿನ ಗಾಯ ಇನ್ನೂ ಹಸಿ. ಮನೆ ಉಳೀತು, ನೆಲ ಸಿಕ್ತು, ಯಾರಿಗಾಗಿ ಇಷ್ಟೆಲ್ಲ ಮಾಡಿದೆನೋ ಅವನೇ ಬರಲಿಲ್ಲ ಅಂತ ಮಗೂನ ತಬ್ಕೊಂಡು ಬಿಕ್ಕಿದ್ಳು. ಅತ್ತೆ ಆದೋಳು ಅಳಿಯನ ಜೊತೆ ಬಾಯಿಬಿಟ್ಟು ಮಾತಾಡೋದು ನಮ್ಮಲ್ಲಿ ಮರ್ಯಾದೆ ಅಲ್ಲ, ಅಜ್ಜಿಗಂತೂ ಇನ್ನೂ ಅಲ್ಲ. ಆದ್ರೆ ಲೀಮಾ ಅಜ್ಜಿ ಕಿಟಕೀಲಿ ಕೂತು ಎಷ್ಟು ಹೊತ್ತಿಂದ ನೋಡ್ತಿದ್ಳೋ, ಸೂರ್ಯ ಇನ್ನೇನು ಇಳೀತಾನೆ ಅನ್ನುವಾಗ ತಡ್ಕೊಳ್ಳೋಕೆ ಆಗದೆ, ಕಾಲುವೆ ನೀರು ನಡುಗೋ ಹಾಗೆ ಕೂಗಿದ್ಳು.

“ಲೋ ಬ್ರಾಹಿಮಾ! ಅದೇನು ಬೆದರುಬೊಂಬೆ ಥರ ನಿಂತಿದೀಯೋ? ನಿನ್ನ ಹೆಂಡತಿ ಮನೆ ಇಲ್ಲಿದೆ ಕಣೋ! ಬೆಳಿಗ್ಗೆ ಅವಳೇ ಹೊತ್ಕೊಂಡು ಬಂದ್ಳು. ಮಾಂಸ ಹಳಸೋದ್ರೊಳಗೆ ಬಾರೋ!”

ಅವನು ಕಾಲುವೆಗೆ ಇಳಿದು ಬಂದನಂತೆ, ಮಾಂಸದ ಗಂಟು ತಲೆ ಮೇಲೆ ಇಟ್ಕೊಂಡು. ಕೆಮಾಲಾ ಮೆಟ್ಟಿಲ ಕೆಳಗೆ ನಿಂತು ಅವನ ಕಾಲಿಗೆ ನೀರು ಹಾಕಿದ್ಳು. ಬೆಂದ ಮೇಲೆ ಮೊದಲನೇ ತುತ್ತು ತಿಂದು ಬ್ರಾಹಿಂ ಹೇಳಿದ ಮಾತು ಊರಿಗೆಲ್ಲ ಕೇಳಿಸ್ತು: “ಉಪ್ಪು ಸರಿಯಾಗಿದೆ! ತುಂಬಾ ಸರಿಯಾಗಿದೆ!”

ಅವತ್ತಿಂದ ಇದು ಗಂಡ ನಿಂತ ಬಯಲು. ಹೊತ್ತ ಹೆಂಗಸರಿಗೆ ಹೆಸರು ಬೇಕಿರಲಿಲ್ಲ, ಅವರು ಮಾರನೇ ದಿನ ಭತ್ತ ಕುಟ್ಟೋಕೆ ಹೋದ್ರು. ಬೇಕಾದ್ರೆ ಸುತ್ತಿನ ಊರುಗಳನ್ನೆಲ್ಲ ಅಳತೆ ಮಾಡ್ಕೊಂಡು ಬಾ, ಮಗಳಿಗೆ ಮನೆ ಕೊಡುವಾಗ ಸಾಕ್ಷಿ ಮುಂದೆ ನೆಲದ ಹೆಸರು ಮೊದಲು ಹೇಳಿ ಆಮೇಲೆ ಕಂಬಕ್ಕೆ ಬರೋ ಊರು ನಮ್ಮದೊಂದೇ. ಸೂರಿನ ನೀರು ತೊಟ್ಟಿಕ್ಕೋ ಗೆರೆವರೆಗೂ ಹೇಳ್ತೀವಿ. ಇಲ್ಲಿ ಯಾರೂ ಮನೆ ಕಟ್ಟಲ್ಲ, ಕಟ್ಟಿದ್ರೆ ಗಂಡ ದಾರಿ ತಪ್ಪುತಾನೆ ಅಂತ ಹೆಂಗಸರು ಬಿಡಲ್ಲ. ಈಗಲೂ ಮೆಗಾಂಗ್ ದಿನ ಬಂದು ನೋಡು. ಮೋಟಾರ್ ಸೈಕಲ್ ಹ್ಯಾಂಡಲ್‌ಗೆ ಪ್ಲಾಸ್ಟಿಕ್ ಚೀಲದಲ್ಲಿ ಮಾಂಸ ತೂಗುಹಾಕ್ಕೊಂಡು ಬರೋ ಗಂಡಸರೆಲ್ಲ ಇಲ್ಲಿ ಗಾಡಿ ನಿಧಾನ ಮಾಡಿ ಒಂದ್ಸಲ ಹಾರ್ನ್ ಹೊಡೀತಾರೆ. ಅದು ಬ್ರಾಹಿಂಗೆ ಸಲಾಮು, ಜೊತೆಗೆ ಮನೆಯೊಳಗಿರೋಳಿಗೆ ನಾನು ಬಂದೆ, ಇದ್ದೀಯಾ ಅಂತ ಕೇಳೋದು.

ಬಾ, ಈ ಕಡೆ ಬಾ, ದೂರದೂರದಿಂದ ಬರೋರಿಗೆಲ್ಲ ಕಡೇಲಿ ಇದನ್ನ ತೋರಿಸ್ತೀನಿ. ಮೂಲೆ ಕಲ್ಲಿನ ಹುಲ್ಲು ಸರಿಸು. ಕಂಡ್ವಾ? ಎರಡು ಪಾದದ ಗುರುತು. ಬ್ರಾಹಿಂ ನಿಂತಿದ್ದು ಇದೇ ಕಲ್ಲಿನ ಮೇಲೆ. ಹೆಂಡತಿ ಹೋದ್ಳು ಅನ್ನೋ ದುಃಖದ ಭಾರಕ್ಕೆ ಕಲ್ಲೇ ಕರಗಿ ಕಾಲು ಒಳಗೆ ಇಳೀತು. ನಾನು ಕೆತ್ತಿದ್ದಲ್ಲ, ನಮ್ಮಪ್ಪ ಕೆತ್ತಿದ್ದಲ್ಲ, ಡಬ್ಬಿ ಮೇಲಾಣೆ. ಇದನ್ನೂ ನಕ್ಷೇಲಿ ಗುರುತು ಹಾಕು. ಯಾಕೆ ಚಪ್ಪಲಿ ಬಿಡ್ತಿದೀಯ? ಹತ್ತಿ ನಿಲ್ತೀಯಾ? ನಿಲ್ಲು, ನಿಲ್ಲು, ನಿಂತೋರಿಗೆ ಒಳ್ಳೇ ಗಂಡ ಸಿಗ್ತಾನೆ. ಅದೇನು ಹಾಗೆ ಬಗ್ಗಿ ನೋಡ್ತಿದೀಯ? ಏನು ತಾಯಿ, ಗಟ್ಟಿಯಾಗಿ ಹೇಳು, ಗಿರಣಿ ಸದ್ದಿಗೆ ಕೇಳಿಸ್ತಿಲ್ಲ.

“ಅಲ್ಲಾ ಅಜ್ಜಾ, ಇವೆರಡೂ ಎಡಗಾಲೇ!”